ಟೌನ್ ಅಕ್ಕತಂಗಿಯರ ಜಮೀನು ಹುಡುಕಿಕೊಂಡು

ನನ್ನ ಮೊಮ್ಮಗನ ಅಮ್ಮನ ಕಡೆಯವರು ಹಾಸನ ಜಿಲ್ಲೆಯ ರಾಗಿ ಬೆಳೆಯುವ ಜನ. ಅಪ್ಪನ ಕಡೆಯವರೂ ಬೇಸಾಯದವರೇ, ಆದರೆ ಅವರ ಹೊಲ ಇದ್ದದ್ದು ಮ್ಯಾಸಚೂಸೆಟ್ಸ್‌ನ ಎಸೆಕ್ಸ್ ಕೌಂಟಿಯಲ್ಲಿ, ಅದೂ 1640ರ ಸುಮಾರಿನಿಂದ. ನಮ್ಮ ಬೀಗಿತ್ತಿ ತುಂಬಾ ವರ್ಷದಿಂದ ಆ ವಂಶದ ಜಾಡು ಹಿಡಿದು ಕೂತಿದ್ದಾರೆ. ಈ ಸಲ ಅಕ್ಟೋಬರ್ ಮೊದಲ ವಾರ ನಾನು ಮಗಳ ಮನೆಯಲ್ಲಿದ್ದೆ. "ಬರ್ತೀರಾ, ಹೋಗಿ ನೋಡಿಕೊಂಡು ಬರೋಣ" ಅಂದರು. ಹೊರಟೆ.

ಮನೆತನದ ಹೆಸರು ಟೌನ್. ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್‌ನಲ್ಲಿ 1620ರಲ್ಲಿ ಮದುವೆಯಾದ ವಿಲಿಯಂ ಟೌನ್ ಮತ್ತು ಜೊವಾನಾ ಬ್ಲೆಸಿಂಗ್ ದಂಪತಿಯಿಂದ ಅಮೆರಿಕದ ಕಥೆ ಶುರು. ಅವರ ಮೂವರು ಹೆಣ್ಣುಮಕ್ಕಳು ರೆಬೆಕಾ, ಮೇರಿ, ಸಾರಾ. ಬೀಗಿತ್ತಿಯ ತಾಯಿಯ ಕಡೆಯವರು ನಡುವಿನವಳಾದ ಮೇರಿಯ ವಂಶ.

ಬುಧವಾರ: ಬಾಸ್ಟನ್, ನ್ಯೂಬರಿ ಬೀದಿ

ಬಟ್ಟೆ ಅಂಗಡಿ, ಕಾಫಿ ಅಂಗಡಿಗಳಿಂದ ಗಿಜಿಗುಡುವ ಬೀದಿ. ಅದರ ಮಧ್ಯೆ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯ ಕಟ್ಟಡ. ಒಳಗೆ ಮಹಡಿಗಳ ತುಂಬಾ ವಂಶಾವಳಿ ಪುಸ್ತಕ, ಊರುಗಳ ದಾಖಲೆ, ಕೈಬರಹದ ಕಟ್ಟುಗಳು. ನಮ್ಮ ಪಕ್ಕದ ಮೇಜಿನಲ್ಲಿ ವಯಸ್ಸಾದ ಗಂಡ ಹೆಂಡತಿ ಒಂದೇ ಹಾಳೆಯ ಮೇಲೆ ಬಗ್ಗಿ ಪಿಸುಮಾತಿನಲ್ಲಿ ಚರ್ಚೆ ಮಾಡುತ್ತಿದ್ದರು.

ಹುಡುಕುವ ಕ್ರಮವನ್ನು ಬೀಗಿತ್ತಿ ನನಗೆ ಹೇಳಿಕೊಟ್ಟರು. ಯಾವತ್ತೂ ಇವತ್ತಿನಿಂದ ಹಿಂದಕ್ಕೆ ಹೋಗಬೇಕು. ನನ್ನ ಜನನ ಪತ್ರ, ಅಮ್ಮನದು, ಅಜ್ಜಿಯದು, ಹೀಗೆ. 1850ರವರೆಗೆ ದಾರಿ ಸುಲಭ, ಯಾಕಂದರೆ ಆ ವರ್ಷದ ಜನಗಣತಿಯಿಂದ ಮನೆಯಲ್ಲಿರುವ ಎಲ್ಲರ ಹೆಸರನ್ನೂ ಬರೆಯತೊಡಗಿದರು. ಅದಕ್ಕೂ ಹಿಂದೆ, 1790ರಿಂದ 1840ರವರೆಗಿನ ಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ಸಂಖ್ಯೆ. ಹೆಣ್ಣುಮಕ್ಕಳ ಜಾಡು ಜಾಸ್ತಿ ತಪ್ಪುವುದು ಇಲ್ಲೇ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಊರೂರಿನ ಗುಮಾಸ್ತರು ಹುಟ್ಟು, ಮದುವೆ, ಸಾವು ಬರೆದಿಟ್ಟಿದ್ದರು. 1850ರವರೆಗಿನ ಆ ಲೆಕ್ಕವನ್ನು ಎಷ್ಟೋ ಊರುಗಳದ್ದು ಅಚ್ಚು ಹಾಕಿಸಿದ್ದಾರೆ. ಟಾಪ್ಸ್‌ಫೀಲ್ಡ್ ಊರಿನ ಪುಸ್ತಕ ತೆಗೆದರೆ ಮೇರಿಯ ಗಂಡನ ಮನೆತನವಾದ ಈಸ್ಟಿ ಸಿಗುತ್ತದೆ. ಒಬ್ಬ ಗುಮಾಸ್ತ ಬರೆದ ಹಾಗೆ ಇನ್ನೊಬ್ಬ ಬರೆದಿಲ್ಲ. ಈಸ್ಟಿ, ಎಸ್ಟಿ, ಎಸ್ಟೆ, ಎಲ್ಲ ಒಂದೇ ಮನೆ. ಒಂದು ಹೆಸರು ಸಿಗಲಿಲ್ಲ ಅಂದರೆ ಕೂಗಿದರೆ ಹೇಗೆ ಕೇಳಿಸುತ್ತದೋ ಹಾಗೆಲ್ಲ ಬರೆದು ನೋಡಬೇಕು.

ತಾರೀಕು ಓದುವುದಕ್ಕೂ ಒಂದು ಪಾಠ ಆಯಿತು. ಆಗ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ರೆಬೆಕಾಳ ಬ್ಯಾಪ್ಟಿಸಂ ಫೆಬ್ರವರಿ 21, 1620/21 ಅಂತ ಎರಡು ವರ್ಷ ಹೊತ್ತುಕೊಂಡು ನಿಂತಿದೆ. ನಮ್ಮ ಲೆಕ್ಕಕ್ಕೆ 1621.

ಇಂಟರ್‌ನೆಟ್‌ನಲ್ಲಿ ಸಿಗುವ ವಂಶವೃಕ್ಷಗಳನ್ನು ಬೀಗಿತ್ತಿ ಸುಳಿವು ಅಂತ ಮಾತ್ರ ತೆಗೆದುಕೊಳ್ಳುತ್ತಾರೆ. ಒಬ್ಬರು ಹಾಕಿದ್ದನ್ನು ನೂರು ಜನ ನಕಲು ಮಾಡಿರುತ್ತಾರೆ. ಪ್ರತಿ ತಲೆಮಾರಿಗೂ ಒಂದು ಕಾಗದ ಕೈಗೆ ಬರುವವರೆಗೆ ಅವರು ಪೆನ್ಸಿಲ್‌ನಲ್ಲೇ ಬರೆಯುವುದು.

ಗುರುವಾರ: ಕೊಲಂಬಿಯಾ ಪಾಯಿಂಟ್

ಸಮುದ್ರದ ಅಂಚಿನಲ್ಲಿ ರಾಜ್ಯದ ಪತ್ರಾಗಾರ. ಅಳಿಯ ಬೆಳಿಗ್ಗೆ ನಮ್ಮನ್ನು ಅಲ್ಲಿ ಇಳಿಸಿ ಕೆಲಸಕ್ಕೆ ಹೋದ. ಬ್ಯಾಗು, ಪೆನ್ನು ಹೊರಗೆ. ಒಳಗೆ ಪೆನ್ಸಿಲ್ ಮಾತ್ರ.

ಟೌನ್ ಮನೆತನದ ಕಾಗದ ಇಷ್ಟೊಂದು ಉಳಿದಿರುವುದಕ್ಕೆ ಒಂದು ಘೋರ ಕಾರಣ ಇದೆ. 1692ರಲ್ಲಿ ಸೇಲಂನಲ್ಲಿ ಮಾಟಗಾತಿಯರು ಅಂತ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರಲ್ಲ, ಅದರಲ್ಲಿ ಈ ಅಕ್ಕತಂಗಿಯರು ಇಬ್ಬರು. ಜುಲೈ 19ಕ್ಕೆ ರೆಬೆಕಾ ನರ್ಸ್. ಸೆಪ್ಟೆಂಬರ್ 22ಕ್ಕೆ ಮೇರಿ ಈಸ್ಟಿ. ಚಿಕ್ಕವಳು ಸಾರಾ ಕ್ಲಾಯ್ಸ್ ತಿಂಗಳುಗಟ್ಟಲೆ ಜೈಲಿನಲ್ಲಿದ್ದು ಬದುಕಿ ಬಂದಳು. ಆ ಮೊಕದ್ದಮೆಗಳ 500ಕ್ಕೂ ಹೆಚ್ಚು ಕಾಗದಗಳು 2023ರಲ್ಲಿ ಇಲ್ಲಿಗೆ ವಾಪಸ್ ಬಂದಿವೆ. ಅವುಗಳ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಓದಬಹುದು.

ಮೇರಿಯ ಅರ್ಜಿ ಓದಿದೆವು. ಶಿಕ್ಷೆ ಆದ ಮೇಲೆ ನ್ಯಾಯಾಧೀಶರಿಗೆ ಬರೆದದ್ದು. ತನ್ನ ಪ್ರಾಣಕ್ಕಾಗಿ ಕೇಳುತ್ತಿಲ್ಲ, ತಾನು ಸಾಯಲೇಬೇಕು ಅನ್ನುವುದು ಗೊತ್ತಿದೆ, ಇನ್ನಷ್ಟು ನಿರಪರಾಧಿಗಳ ರಕ್ತ ಹರಿಯದಿರಲಿ ಎಂದು ಬೇಡಿಕೊಂಡಿದ್ದಾಳೆ. ಆರೋಪ ಮಾಡುವವರನ್ನು ಬೇರೆಬೇರೆಯಾಗಿ ಕೂರಿಸಿ ವಿಚಾರಿಸಿ ಅಂತ ಸಲಹೆಯನ್ನೂ ಕೊಟ್ಟಿದ್ದಾಳೆ. 58 ವರ್ಷದ ಒಕ್ಕಲು ಹೆಂಗಸು, ಜೈಲಿನಲ್ಲಿ ಕೂತು, ವಿಚಾರಣೆ ಹೇಗೆ ನಡೆಸಬೇಕು ಅಂತ ನ್ಯಾಯಾಧೀಶರಿಗೆ ಹೇಳುತ್ತಾಳೆ. ನಾನು ಎರಡು ಸಲ ಓದಿಸಿಕೊಂಡೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಂಡ ಐಸಾಕ್‌ನ ಕಾಗದ. 1710ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪರಿಹಾರದ ವಿಚಾರ ಎತ್ತಿದಾಗ ಕೊಟ್ಟದ್ದು. ಹೆಂಡತಿ ಹತ್ತಿರ ಹತ್ತಿರ ಐದು ತಿಂಗಳು ಜೈಲಿನಲ್ಲಿದ್ದಳು. ವಾರಕ್ಕೆ ಎರಡು ಸಲ ತಪ್ಪದೆ ಹೋಗಿ ಬೇಕಾದ್ದು ಒದಗಿಸಿದೆ. ಅದರಲ್ಲಿ ಮೂರು ವಾರ ಬಾಸ್ಟನ್ ಜೈಲು, ಕರೆದೊಯ್ಯುವ ಖರ್ಚೂ ನನ್ನದೇ. ಎಲ್ಲ ಸೇರಿ 20 ಪೌಂಡ್ ಆಗಿರಬಹುದು. ಅವಳನ್ನು ಹೀಗೆ ಕಳೆದುಕೊಂಡ ಸಂಕಟಕ್ಕೆ ಈ ಲೋಕದಲ್ಲಿ ಪರಿಹಾರವೇ ಇಲ್ಲ. ಇಷ್ಟೇ ಒಕ್ಕಣೆ. ಆಗ ಕೈದಿಯ ಊಟದ ಖರ್ಚು ಕೈದಿಯ ಮನೆಯವರದ್ದೇ. ಬಿತ್ತನೆ, ಹುಲ್ಲು ಕೊಯ್ಲು, ಸುಗ್ಗಿ ಎಲ್ಲವೂ ಇರುವ ಐದು ತಿಂಗಳು ಅದು. ವಾರಕ್ಕೆ ಎರಡು ದಿನ ಹೊಲ ಬಿಟ್ಟು ಹೋಗುವುದು ಅಂದರೇನು ಅಂತ ಬೇಸಾಯ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಗಿತ್ತಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಸುಮ್ನೆ ಕೂತೆ.

ಶುಕ್ರವಾರ: ಟಾಪ್ಸ್‌ಫೀಲ್ಡ್

ಬಾಸ್ಟನ್‌ನಿಂದ ಉತ್ತರಕ್ಕೆ ರೂಟ್ ಒನ್ ಹಿಡಿದರೆ ಒಂದು ಗಂಟೆ ಒಳಗಿನ ದಾರಿ. ಅವತ್ತು ಹಾಗಾಗಲಿಲ್ಲ, ಟಾಪ್ಸ್‌ಫೀಲ್ಡ್ ಜಾತ್ರೆ ಶುರುವಾದ ದಿನ. 1818ರಲ್ಲಿ ಹುಟ್ಟಿದ ರೈತರ ಸಂಘ ಈಗಲೂ ನಡೆಸುವ ಮೇಳ ಅದು. ದನ, ಕುರಿ, ಜೇನು, ಹೂವು, ಉಪ್ಪಿನಕಾಯಿ, ಎಲ್ಲಕ್ಕೂ ಸ್ಪರ್ಧೆ. ಕುಂಬಳಕಾಯಿ ತೂಗುವುದನ್ನು ನೋಡಲು ಜನ ಕಾದು ನಿಂತಿರುತ್ತಾರೆ. 2012ರಲ್ಲಿ ಇಲ್ಲಿ ತೂಗಿದ ಒಂದು ಕಾಯಿ 2009 ಪೌಂಡ್ ಬಂತು, ಅಂದರೆ 900 ಕಿಲೋ ಮೇಲೆ. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ 2000 ಪೌಂಡ್ ದಾಟಿದ ಜಗತ್ತಿನ ಮೊದಲ ಕುಂಬಳ ಅದು. ಮೊಮ್ಮಗ ಜೊತೆಗೆ ಬಂದಿದ್ದರೆ ಅಲ್ಲೇ ದಿನ ಮುಗಿಯುತ್ತಿತ್ತು.

ಟೌನ್ ಕುಟುಂಬ ಮೊದಲು ಸೇಲಂನ ಉತ್ತರ ಹೊಲಗಳಲ್ಲಿ ನೆಲೆ ನಿಂತಿತ್ತು. 1650ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದರು. ಇಪ್ಸ್‌ವಿಚ್ ನದಿ ಊರ ಬದಿಯಲ್ಲೇ ಸುತ್ತಿ ಹರಿಯುತ್ತದೆ. ದಂಡೆಯ ಹುಲ್ಲುಗಾವಲು ಆಗ ಬಂಗಾರ, ದನಕ್ಕೆ ಚಳಿಗಾಲದ ಮೇವು ಅಲ್ಲಿಂದಲೇ. ಮರ ಕಡಿದು, ಕಲ್ಲು ಆಯ್ದು, ಮೆಕ್ಕೆಜೋಳ ಮತ್ತು ರೈ ಎಂಬ ಗೋಧಿಯಂಥ ಧಾನ್ಯ ಬೆಳೆದರು. ಆಯ್ದ ಕಲ್ಲನ್ನು ಹೊಲದ ಸುತ್ತ ಪೇರಿಸಿದ ಗೋಡೆಗಳು ಈಗಲೂ ಕಾಡಿನೊಳಗೆ ಓಡುತ್ತವೆ. ಹೊಲ ಹೋಗಿ ಮತ್ತೆ ಕಾಡಾಗಿದೆ, ಗೋಡೆ ಹಾಗೇ ನಿಂತಿದೆ.

ಊರ ನಡುವೆ ಪಾದ್ರಿ ಜೋಸೆಫ್ ಕೇಪನ್ ಅವರ ಮನೆ ಇದೆ. ತೊಲೆಯ ಮೇಲೆ 1683ರ ಜುಲೈ 8 ಎಂದು ಕೊರೆದಿದೆ. ಮೇಲ್ಮಹಡಿ ಕೆಳಮಹಡಿಗಿಂತ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿದೆ. ಮೇರಿ ಈ ಊರಿನಲ್ಲಿ ಸಂಸಾರ ಮಾಡಿದವಳು, ಈ ಮನೆ ಏಳುವುದನ್ನು ನೋಡಿಯೇ ಇರಬೇಕು.

ಮಧ್ಯಾಹ್ನ ಬೀಗಿತ್ತಿ ಕಾರಿನ ಬಾನೆಟ್ ಮೇಲೆ ನಕ್ಷೆ ಹರಡಿ ಗಡಿ ತೋರಿಸಿದರು. ಟಾಪ್ಸ್‌ಫೀಲ್ಡ್‌ಗೂ ಸೇಲಂ ಪಟ್ಟಣಕ್ಕೆ ಸೇರಿದ ಸೇಲಂ ಹಳ್ಳಿಗೂ ನಡುವಿನ ಗಡಿ. ಒಂದು ಆದೇಶದ ಪ್ರಕಾರ ಆ ಜಾಗದಲ್ಲಿ ಸೇಲಂನವರು ಊರು ಕಟ್ಟಬಹುದಿತ್ತು. ಇನ್ನೊಂದು ಆದೇಶ 1658ರಲ್ಲಿ ಅದೇ ಜಾಗವನ್ನು ಟಾಪ್ಸ್‌ಫೀಲ್ಡ್‌ಗೆ ಸೇರಿಸಿತು. ಒಂದು ಕಡೆ ಪುಟ್ನಮ್ ಮನೆತನ. ಇನ್ನೊಂದು ಕಡೆ ಟೌನ್, ಈಸ್ಟಿ, ಹೌ ಮನೆಗಳು. ಪುಟ್ನಮ್‌ಗಳು ಬಂದು ಮರ ಕಡಿದರು ಅಂತ ಇವರು ಕೋರ್ಟಿಗೆ ಹೋದರು. ಐಸಾಕ್ ಈಸ್ಟಿ ಸಾಕ್ಷಿ ಹೇಳಿದ. ಆ ಕಾಲದ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಹಳ್ಳ, ಮೂಲೆಗೆ ಗುರುತು ಹಾಕಿದ ಓಕ್ ಮರ ಅಂತ ಇರುತ್ತದೆ, ನಮ್ಮ ಚಕ್ಕುಬಂದಿ ಬರೆದ ಹಾಗೇ. ಮರ ಕಡಿದರೆ ಗಡಿಯೇ ಹೋಯಿತು ಅಲ್ವಾ!

1692ರಲ್ಲಿ ಈ ಮೂವರು ಅಕ್ಕತಂಗಿಯರ ಮೇಲೆ ದೂರು ಕೊಟ್ಟವರಲ್ಲಿ ಪುಟ್ನಮ್ ಹೆಸರು ಮತ್ತೆ ಮತ್ತೆ ಬರುತ್ತದೆ. ಗಲ್ಲಿಗೇರಿದ ಎಲಿಜಬೆತ್ ಹೌ ಕೂಡ ಈ ಕಡೆಯವಳೇ. ಗಡಿ ಜಗಳ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಪಾದ್ರಿಯ ಸಂಬಳದ ತಕರಾರು ಇತ್ತು, ಉತ್ತರದ ಯುದ್ಧದ ಭಯ ಇತ್ತು, ದೆವ್ವ ನಿಜ ಅಂತ ಎಲ್ಲರೂ ನಂಬಿದ್ದರು. ಆದರೆ ನೆಲದ ಕಾಗದ ಓದದೆ ಈ ಕುಟುಂಬ ಅರ್ಥ ಆಗುವುದಿಲ್ಲ ಅನ್ನುವುದು ನನಗೆ ಅವತ್ತು ಖಾತ್ರಿಯಾಯಿತು.

ಶನಿವಾರ: ಡ್ಯಾನ್ವರ್ಸ್, ನರ್ಸ್ ಜಮೀನು

ಆಗಿನ ಸೇಲಂ ಹಳ್ಳಿಗೆ ಈಗ ಡ್ಯಾನ್ವರ್ಸ್ ಅಂತ ಹೆಸರು. 1752ರಲ್ಲಿ ಸೇಲಂನಿಂದ ಬೇರೆಯಾಯಿತು. ಇವತ್ತು ಮಗಳು, ಅಳಿಯ, ಮೊಮ್ಮಗ ಎಲ್ಲರೂ ಬಂದರು.

ಪೈನ್ ಬೀದಿಯಲ್ಲಿ ಮನೆಗಳ ಸಾಲು ಮುಗಿಯುತ್ತಲೇ ತಟ್ಟನೆ ಬಯಲು ತೆರೆದುಕೊಳ್ಳುತ್ತದೆ. ದಿಬ್ಬದ ಮೇಲೆ ಮರದ ಮನೆ. ರೆಬೆಕಾಳ ಗಂಡ ಫ್ರಾನ್ಸಿಸ್ ನರ್ಸ್ ಮರದ ತಟ್ಟೆ, ಬಟ್ಟಲು ಮಾಡುತ್ತಿದ್ದವನು. ಐವತ್ತು ದಾಟಿದ ಮೇಲೆ, 1678ರಲ್ಲಿ, 300 ಎಕರೆಯ ಈ ಜಮೀನನ್ನು ಬಾಸ್ಟನ್‌ನ ಪಾದ್ರಿ ಜೇಮ್ಸ್ ಆಲೆನ್‌ನಿಂದ 400 ಪೌಂಡಿಗೆ ಮಾತಾಡಿದ. ಹಣ ತೀರಿಸಲು 21 ವರ್ಷದ ಗಡುವು. ನಾಲ್ಕು ಗಂಡು, ನಾಲ್ಕು ಹೆಣ್ಣು, ಅಳಿಯಂದಿರು, ಎಲ್ಲರೂ ಸೇರಿ ದುಡಿದರು. ಬೆವರು ಸುರಿಸಿ ಮೇಲೆ ಬಂದ ಮನೆ. ಈಗ 300 ಎಕರೆಯಲ್ಲಿ 25ರ ಮೇಲೆ ಸ್ವಲ್ಪ ಉಳಿದಿದೆ.

ಒಳಗೆ ತಲೆ ತಗ್ಗಿಸಿ ನಡೆಯಬೇಕು. ಸೂರಿನ ತೊಲೆ ಕೈಗೆ ಸಿಗುತ್ತದೆ. ಒಲೆ ಅಂದರೆ ಗೋಡೆಯ ಅರ್ಧ ಭಾಗ, ಮೊಮ್ಮಗ ಅದರೊಳಗೆ ನೆಟ್ಟಗೆ ನಿಂತ. "ಅಜ್ಜಿ, ಇಲ್ಲಿ ಟಿವಿ ಎಲ್ಲಿಡ್ತಿದ್ರು?" ಅಂದ. ಅವನ ಅಪ್ಪ ನಕ್ಕು ಬೆಂಕಿಯ ಜಾಗ ತೋರಿಸಿದ, ಎಲ್ಲರೂ ರಾತ್ರಿ ಇದನ್ನೇ ನೋಡಿಕೊಂಡು ಕೂರುತ್ತಿದ್ದರು ಅಂತ. ಇಲ್ಲಿಯ ಹಳೆಯ ಮನೆಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕಟ್ಟುತ್ತಿದ್ದರಂತೆ, ಚಳಿಗಾಲದ ಬಿಸಿಲು ಒಳಗೆ ಬರಲಿ ಅಂತ. ನಮ್ಮಲ್ಲಿ ಯಾರೂ ಒಪ್ಪದ ದಿಕ್ಕು!

ರೆಬೆಕಾ ಮೇಲಿನ ಸಾಕ್ಷ್ಯಗಳಲ್ಲಿ ಒಂದು ಹಂದಿಗಳ ಕಥೆ ಇದೆ. ನೆರೆಯ ಹೌಲ್ಟನ್ ಮನೆಯ ಹಂದಿಗಳು ಇವರ ಹೊಲಕ್ಕೆ ನುಗ್ಗಿದವು. ರೆಬೆಕಾ ಬೆಳಿಗ್ಗೆ ಬೆಳಿಗ್ಗೆ ಬಂದು ಬೆಂಜಮಿನ್ ಹೌಲ್ಟನ್‌ನನ್ನು ಚೆನ್ನಾಗಿ ಬೈದಳು. ಹಂದಿಗಳ ಕುತ್ತಿಗೆಗೆ ಅಡ್ಡಕೋಲು ಕಟ್ಟಿತ್ತು, ಬೇಲಿ ಬಿದ್ದಿದ್ದು ನರ್ಸ್‌ರದ್ದೇ ಅಂತ ಹೌಲ್ಟನ್‌ನ ಹೆಂಡತಿ ಸಾರಾ ಹೇಳುತ್ತಾಳೆ. ಆಮೇಲೆ ಅವಳ ಗಂಡ ಕಾಯಿಲೆ ಬಿದ್ದು ಸತ್ತ. ಹಾಗಾಗಿ ರೆಬೆಕಾ ಮಾಟಗಾತಿ. ಬೆಳೆ ಹಾಳಾದಾಗ ಬಾಯಿ ಮಾಡದ ಹೆಂಗಸು ಯಾವ ಊರಿನಲ್ಲಿದ್ದಾಳೆ ಹೇಳಿ. ಆ ಹೊಲದ ಅಂಚಿನಲ್ಲೇ ನಿಂತು ಇದನ್ನು ಕೇಳಿದಾಗ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ರೆಬೆಕಾಗೆ ಆಗ 71 ವರ್ಷ. ಕಾಯಿಲೆಯಿಂದ ಮಲಗಿದ್ದಳು, ಕಿವಿ ಮಂದ. ಮಾರ್ಚ್ 24ಕ್ಕೆ ವಿಚಾರಣೆ. ಊರವರು ಸುಮ್ಮನಿರಲಿಲ್ಲ. ಇಸ್ರೇಲ್ ಪೋರ್ಟರ್ ಮತ್ತು ಆತನ ಹೆಂಡತಿ ಎಲಿಜಬೆತ್ ಮುಂದಾಗಿ, ಈಕೆಯನ್ನು ವರ್ಷಗಳಿಂದ ಬಲ್ಲೆವು, ಇಂಥದ್ದು ಕಂಡಿಲ್ಲ ಅಂತ ಒಂದು ಹಾಳೆಗೆ ರುಜು ಹಾಕಿದರು. ಆ ದಿನಗಳಲ್ಲಿ ಹೀಗೆ ಹೆಸರು ಬರೆದರೆ ನಾಳೆ ನಿಮ್ಮ ಮನೆ ಬಾಗಿಲಿಗೂ ವಾರಂಟ್ ಬರಬಹುದಿತ್ತು. ಆದರೂ ಬರೆದರು. ಅದರಲ್ಲಿ ಜೊನಾಥನ್ ಪುಟ್ನಮ್ ಹೆಸರಿದೆ. ರೆಬೆಕಾ ಮೇಲೆ ಮೊದಲು ದೂರು ಕೊಟ್ಟ ಇಬ್ಬರಲ್ಲಿ ಒಬ್ಬ ಇವನೇ. ಹಿರಿಯ ನಥಾನಿಯಲ್ ಪುಟ್ನಮ್ ಕೂಡ ಆಕೆಯ ಪರ ಬರೆದುಕೊಟ್ಟ.

ಜ್ಯೂರಿ ಮೊದಲು ನಿರಪರಾಧಿ ಎಂದಿತು. ಕೋರ್ಟಿನಲ್ಲಿ ಗಲಾಟೆ ಎದ್ದಿತು. ನ್ಯಾಯಾಧೀಶರು ಆಕೆ ಆಡಿದ ಒಂದು ಮಾತಿನ ಮೇಲೆ ಮತ್ತೆ ಯೋಚಿಸಿ ಎಂದರು. ಅದರ ಅರ್ಥವೇನು ಎಂದು ಕೇಳಿದಾಗ ಆಕೆಗೆ ಕೇಳಿಸಲಿಲ್ಲ, ಉತ್ತರ ಕೊಡಲಿಲ್ಲ. ಅಪರಾಧಿ ಅಂತ ತೀರ್ಪು ತಿರುಗಿತು. ಗವರ್ನರ್ ಫಿಪ್ಸ್ ತಡೆ ಕೊಟ್ಟು ಅದನ್ನೂ ವಾಪಸ್ ತೆಗೆದುಕೊಂಡರು.

ಮನೆಯ ಹಿಂದಿನ ಹೊಲ ಇಳಿದರೆ ಪೈನ್ ಮರಗಳ ನಡುವೆ ಕುಟುಂಬದ ಸ್ಮಶಾನ. ಮಗ ಬೆಂಜಮಿನ್ ರಾತ್ರಿ ದೋಣಿಯಲ್ಲಿ ಹೋಗಿ ತಾಯಿಯ ದೇಹ ತಂದು ಇಲ್ಲಿ ಮಣ್ಣು ಮಾಡಿದ ಅಂತ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಗುರುತು ಕಲ್ಲು ಇಲ್ಲ. ವಂಶದವರು 1885ರಲ್ಲಿ ಎತ್ತರದ ಗ್ರಾನೈಟ್ ಕಂಬ ನಿಲ್ಲಿಸಿದರು. ಅದರ ಪಕ್ಕ 1892ರಲ್ಲಿ ಇನ್ನೊಂದು ಕಲ್ಲು. ಅದರ ಮೇಲೆ ರುಜು ಹಾಕಿದ ನೆರೆಯವರ 40 ಹೆಸರು. ನಾನು ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆ. ಮಗಳು ಒಂದೊಂದಾಗಿ ಓದಿದಳು, ಮೊಮ್ಮಗ ಬೆರಳಿಟ್ಟು ಎಣಿಸಿದ. ಇನ್ನೂರು ವರ್ಷ ಆದ ಮೇಲೂ ಅಕ್ಕಪಕ್ಕದ ಹೊಲದವರ ಉಪಕಾರ ನೆನೆದು ಕಲ್ಲು ಹಾಕಿಸಿದ್ದಾರಲ್ಲ, ಈ ವಂಶದ ಬಗ್ಗೆ ನನಗೆ ಗೌರವ ಬಂದದ್ದು ಅದಕ್ಕೆ.

ಪಕ್ಕದಲ್ಲೇ ಹಳೆಯ ಪ್ರಾರ್ಥನಾ ಮಂದಿರದ ಮಾದರಿ ಇದೆ, ಟಿವಿಗಾಗಿ 1980ರ ದಶಕದಲ್ಲಿ ಕಟ್ಟಿದ್ದು. ಬೆಂಚಿನ ಮೇಲೆ ಕೂತಾಗ ಬೀಗಿತ್ತಿ ಸಾರಾಳ ಕಥೆ ಹೇಳಿದರು. ಅಕ್ಕನನ್ನು ಹಿಡಿದ ಮೇಲಿನ ಭಾನುವಾರವೊಂದರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್, ನಿಮ್ಮಲ್ಲಿ ಒಬ್ಬನು ಸೈತಾನನು ಎಂಬ ವಾಕ್ಯ ಹಿಡಿದು ಬೋಧನೆ ಶುರು ಮಾಡಿದ. ಸಾರಾ ಎದ್ದು ಹೊರನಡೆದಳು. ಬಾಗಿಲು ಧಡಾರನೆ ಬಡಿದುಕೊಂಡಿತು. ಕೆಲವೇ ದಿನಗಳಲ್ಲಿ ಅವಳ ಮೇಲೂ ದೂರು.

ನರ್ಸ್ ಕುಟುಂಬ ಪ್ಯಾರಿಸ್‌ನನ್ನು ಬಿಡಲಿಲ್ಲ. ಹಟ ಹಿಡಿದು 1697ರ ಹೊತ್ತಿಗೆ ಅವನನ್ನು ಊರು ಬಿಡಿಸಿದರು. 1706ರಲ್ಲಿ, ಆರೋಪ ಮಾಡಿದ್ದ ಹುಡುಗಿ ಆ್ಯನ್ ಪುಟ್ನಮ್ ಚರ್ಚಿನಲ್ಲಿ ಎದ್ದು ನಿಂತು ಕ್ಷಮೆ ಕೇಳಿದಳು. ಅದರಲ್ಲಿ ರೆಬೆಕಾ ಮತ್ತು ಅವಳ ಇಬ್ಬರು ತಂಗಿಯರ ಮಾತನ್ನು ವಿಶೇಷವಾಗಿ ಎತ್ತಿದಳು. ಸೇಲಂ ಚರ್ಚು ರೆಬೆಕಾಳ ಬಹಿಷ್ಕಾರ ಅಳಿಸಿದ್ದು 1712ರಲ್ಲಿ. ಜಮೀನು 1784ರವರೆಗೆ ನರ್ಸ್‌ರ ಕೈಯಲ್ಲಿತ್ತು. ಆಮೇಲೆ ಕೊಂಡವನು ಫಿನಿಯಾಸ್ ಪುಟ್ನಮ್.

ಭಾನುವಾರ: ಸೇಲಂ

ಅಕ್ಟೋಬರ್‌ನಲ್ಲಿ ಸೇಲಂಗೆ ಹೋಗುವುದಾದರೆ ರೈಲಿನಲ್ಲಿ ಹೋಗಿ, ಕಾರಿಗೆ ಜಾಗವಿಲ್ಲ. ಊರ ತುಂಬಾ ಚೂಪು ಟೋಪಿ, ಮಾಟದ ಅಂಗಡಿ, ಕುಣಿತ. ನನಗೆ ಅದು ಹಿಡಿಸಲಿಲ್ಲ. ಕೊಂದದ್ದು ಹೊಲದಿಂದ ಎದ್ದು ಬಂದ ಮುದುಕಿಯರನ್ನು. ಹಬ್ಬ ಮಾಡುವುದಕ್ಕೆ ಅಲ್ಲಿ ಏನಿದೆ?

ಚಾರ್ಟರ್ ಬೀದಿಯ ಸ್ಮಾರಕ ಚೆನ್ನಾಗಿದೆ. 1992ರದ್ದು. ಗಲ್ಲಿಗೇರಿದ 19 ಜನ, ಕಲ್ಲು ಹೇರಿ ಕೊಂದ ಇನ್ನೊಬ್ಬ, ಹೀಗೆ ಸತ್ತ 20 ಜನರಿಗೆ ಗೋಡೆಯಿಂದ ಚಾಚಿದ ಒಂದೊಂದು ಕಲ್ಲುಬೆಂಚು. ಹೊಸ್ತಿಲ ಕಲ್ಲಿನ ಮೇಲೆ ಅವರು ಕೋರ್ಟಿನಲ್ಲಿ ಹೇಳಿದ ಮಾತು ಕೆತ್ತಿದ್ದಾರೆ, ವಾಕ್ಯ ಮುಗಿಯುವ ಮೊದಲೇ ಅದು ಗೋಡೆಯ ಕೆಳಗೆ ಹೊಕ್ಕುಬಿಡುತ್ತದೆ. ಮೇರಿಯ ಬೆಂಚಿನ ಮೇಲೆ ಯಾರೋ ಸೇಬು ಇಟ್ಟಿದ್ದರು. ಬೀಗಿತ್ತಿ ತಾವು ತಂದಿದ್ದ ಸೇವಂತಿಗೆಯನ್ನು ಅದರ ಪಕ್ಕ ಇಟ್ಟರು.

ಗಲ್ಲಿಗೇರಿಸಿದ ಜಾಗ ಪ್ರಾಕ್ಟರ್ಸ್ ಲೆಡ್ಜ್ ಅಂತ 2016ರಲ್ಲಿ ಖಚಿತಪಡಿಸಿದರು. ಪೋಪ್ ಬೀದಿಯಲ್ಲಿ, ಮನೆಗಳ ನಡುವೆ. 2017ರ ಜುಲೈ 19ಕ್ಕೆ ಸ್ಮಾರಕ ಉದ್ಘಾಟನೆಯಾಯಿತು, ರೆಬೆಕಾ ಸತ್ತು ಸರಿಯಾಗಿ 325 ವರ್ಷಕ್ಕೆ. ಅಲ್ಲಿ ಜನವೇ ಇರಲಿಲ್ಲ.

ಸೋಮವಾರ: ಫ್ರೇಮಿಂಗ್‌ಹ್ಯಾಂ

ಮಗಳ ಮನೆ ಇರುವುದು ಈ ಕಡೆಯೇ. ಪಕ್ಕದ ಆಶ್‌ಲ್ಯಾಂಡ್‌ನ ಲಕ್ಷ್ಮೀ ದೇವಸ್ಥಾನಕ್ಕೆ ಹೋಗುವಾಗ ಸೇಲಂ ಎಂಡ್ ರಸ್ತೆಯ ಹೆಸರನ್ನು ಎಷ್ಟೋ ಸಲ ನೋಡಿದ್ದೆ. ಜೈಲಿನಿಂದ ಬಿಡುಗಡೆಯಾದ ಸಾರಾ ಮತ್ತು ಗಂಡ ಪೀಟರ್ ಕ್ಲಾಯ್ಸ್ ಊರು ಬಿಟ್ಟು ಬಂದು ನೆಲೆಸಿದ್ದು ಇಲ್ಲೇ. ನೆಲ ಥಾಮಸ್ ಡ್ಯಾನ್‌ಫೋರ್ತ್‌ನದ್ದು. ಏಪ್ರಿಲ್ 11ಕ್ಕೆ ಸಾರಾಳ ವಿಚಾರಣೆ ನಡೆದಾಗ ಅಧ್ಯಕ್ಷ ಪೀಠದಲ್ಲಿ ಇದ್ದವನೇ ಅವನು. ಆಮೇಲೆ ಅವನೇ ಇಂಥ ಕುಟುಂಬಗಳಿಗೆ ಗುತ್ತಿಗೆಗೆ ಜಮೀನು ಕೊಟ್ಟ. ಮನಸ್ಸಿನಲ್ಲಿ ಏನಿತ್ತೋ. ನರ್ಸ್, ಟೌನ್, ಬ್ರಿಜಸ್ ಮನೆಗಳೂ ಬಂದವು. ತಾಯಿಯನ್ನು ದೋಣಿಯಲ್ಲಿ ತಂದ ಬೆಂಜಮಿನ್ ಕೂಡ. 1700ರಲ್ಲಿ ಇದು ಊರು ಎನಿಸಿಕೊಂಡಿತು. ಸಾರಾ 1703ರಲ್ಲಿ ತೀರಿಕೊಂಡಳು.

ಕ್ಲಾಯ್ಸ್‌ ಮನೆ ಈಗಲೂ ಇದೆ. ವರ್ಷಗಟ್ಟಲೆ ಪಾಳು ಬಿದ್ದಿದ್ದನ್ನು ಸ್ಥಳೀಯರು ಹೋರಾಡಿ ಉಳಿಸಿ ರಿಪೇರಿ ಮಾಡಿಸಿದ್ದಾರೆ. ಖಾಸಗಿ ಮನೆ, ರಸ್ತೆಯಿಂದಲೇ ನೋಡಬೇಕು. ನೋಡಿದೆವು.

ಸಂಜೆ ಅಡುಗೆಮನೆ ಮೇಜಿನ ಮೇಲೆ ಬೀಗಿತ್ತಿ ಹಾಳೆ ಹರಡಿದರು. ಐಸಾಕ್ ಮತ್ತು ಮೇರಿಯಿಂದ ಕೆಳಕ್ಕೆ ಬರುವ ತಲೆಮಾರುಗಳಲ್ಲಿ ಮೊದಲಿನವು ಪೆನ್ನಿನಲ್ಲಿವೆ, ಬೀಗಿತ್ತಿಯ ಅಜ್ಜಿಯ ಕಡೆಯವೂ ಪೆನ್ನಿನಲ್ಲಿವೆ. ನಡುವೆ, 1760ರ ಸುಮಾರಿಗೆ ಉತ್ತರದ ಈಗಿನ ಮೇನ್ ರಾಜ್ಯಕ್ಕೆ ಹೊರಟ ಮನೆ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಮೇನ್ 1820ರವರೆಗೆ ಮ್ಯಾಸಚೂಸೆಟ್ಸ್‌ಗೇ ಸೇರಿತ್ತು. 1760ಕ್ಕೆ ಹಿಂದಿನ ಅಲ್ಲಿಯ ಕ್ರಯಪತ್ರವೆಲ್ಲ ಯಾರ್ಕ್ ಕೌಂಟಿಯ ಪುಸ್ತಕಗಳಲ್ಲಿ, ಆಮೇಲಿನದ್ದು ಜಾಗ ನೋಡಿಕೊಂಡು ಯಾರ್ಕ್, ಕಂಬರ್ಲೆಂಡ್ ಅಥವಾ ಲಿಂಕನ್ ಕೌಂಟಿಯಲ್ಲಿ. ಬೇಸಾಯದವರು ಊರು ಬಿಟ್ಟರೆ ಇಲ್ಲಿಯ ನೆಲ ಮಾರಿರಬೇಕು, ಅಲ್ಲಿಯ ನೆಲ ಕೊಂಡಿರಬೇಕು. ಎರಡೂ ಪತ್ರದಲ್ಲಿ ಒಂದೇ ಹೆಂಡತಿಯ ಹೆಸರು ಸಿಕ್ಕರೆ ಕೊಂಡಿ ಕೂಡಿದ ಹಾಗೆ. ಮಾರಿದ ಪತ್ರ ಸೇಲಂನ ಎಸೆಕ್ಸ್ ನೋಂದಣಿ ಪುಸ್ತಕಗಳಲ್ಲಿ ಇರಬೇಕು, ಅವನ್ನು ಈಗ ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ನೋಡಬಹುದು. ಮಾರಿದವರ ಸೂಚಿಯನ್ನು ನಾನು ಓದುತ್ತೇನೆ, ಕೊಂಡವರದ್ದನ್ನು ಅವರು ಅಂತ ಕೆಲಸ ಹಂಚಿಕೊಂಡು ಅವತ್ತೇ ಶುರು ಮಾಡಿದೆವು.